ಬಿದ್ದ ನಕ್ಷತ್ರಗಳನ್ನು ಎಣಿಸಿದವರು



ಮೋಡವಿಲ್ಲದ ರಾತ್ರಿಯಲ್ಲಿ ಊರ ದೀಪಗಳಿಂದ ದೂರ ನಿಂತು ಅರ್ಧ ಗಂಟೆ ಆಕಾಶ ನೋಡಿದವರಿಗೆ ಉಲ್ಕೆ ಹೊಸತಲ್ಲ. ಎಲ್ಲಿಂದಲೋ ಒಂದು ಬೆಳಕಿನ ಗೆರೆ ಮೂಡುತ್ತದೆ. ಪಕ್ಕದವರಿಗೆ ತೋರಿಸೋಣ ಎನ್ನುವಷ್ಟರಲ್ಲಿ ಮಾಯವಾಗುತ್ತದೆ. "ನಕ್ಷತ್ರ ಬಿತ್ತು" ಎನ್ನುತ್ತಾರೆ ಮನೆಯ ಹಿರಿಯರು. ಬಿದ್ದದ್ದು ನಕ್ಷತ್ರವಲ್ಲ ಎಂಬುದನ್ನು ನೀವು ಪಾಠದಲ್ಲಿ ಓದಿದ್ದೀರಿ. ಮರಳಿನ ಕಣದಷ್ಟೋ ಕಡಲೆಕಾಳಿನಷ್ಟೋ ಇರುವ ಒಂದು ಚೂರು, ಸೆಕೆಂಡಿಗೆ ಹತ್ತಾರು ಕಿ.ಮೀ. ವೇಗದಲ್ಲಿ ವಾತಾವರಣಕ್ಕೆ ನುಗ್ಗಿ, ನೆಲದಿಂದ ಸುಮಾರು 100 ಕಿ.ಮೀ. ಎತ್ತರದಲ್ಲಿ ಉರಿದು ಹೋಗುತ್ತದೆ. ವರ್ಷದ ಕೆಲವು ನಿಶ್ಚಿತ ದಿನಗಳಲ್ಲಿ ಇಂಥ ಚೂರುಗಳು ಹೆಚ್ಚು ಸಂಖ್ಯೆಯಲ್ಲಿ ಬರುತ್ತವೆ. ಅದನ್ನು ಉಲ್ಕಾವರ್ಷ ಎನ್ನುತ್ತೇವೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಇದೆಲ್ಲ ಗೊತ್ತಾದದ್ದು ಹೇಗೆ? ಅರ್ಧ ಸೆಕೆಂಡು ಬಾಳುವ ಗೆರೆಯ ಎತ್ತರವನ್ನು ಅಳೆದವರು ಯಾರು? ಮುಂದಿನ ಉಲ್ಕೆ ಯಾವ ದಿಕ್ಕಿನಲ್ಲಿ ಬೀಳುತ್ತದೆ ಎಂದು ಯಾರೂ ಹೇಳಲಾರರು. ಹಾಗಾಗಿ ದೂರದರ್ಶಕವನ್ನು ಅತ್ತ ತಿರುಗಿಸಿ ಕಾಯುವಂತಿಲ್ಲ. ಕ್ಯಾಮೆರಾ ಜೊತೆಗೇ ದಿನ ಕಳೆಯುವ ನನ್ನಂಥವರಿಗೆ ಇದು ಚೆನ್ನಾಗಿ ಗೊತ್ತು. ಮಸೂರ ನೋಡುವುದು ಆಕಾಶದ ಒಂದು ತುಂಡನ್ನು. ಬರಿಗಣ್ಣು ನೋಡುವುದು ಅದರ ಬಹುಭಾಗವನ್ನು. ಆದ್ದರಿಂದ ಉಲ್ಕೆಗಳ ವಿಜ್ಞಾನ ಹುಟ್ಟಿದ್ದು ದೊಡ್ಡ ವೀಕ್ಷಣಾಲಯಗಳಲ್ಲಿ ಮಾತ್ರವಲ್ಲ. ವಿದ್ಯಾರ್ಥಿಗಳು, ಪುಸ್ತಕದಂಗಡಿಯವರು, ಲೆಕ್ಕ ಬರೆಯುವವರು, ವಕೀಲರು ಅದನ್ನು ಕಟ್ಟಿದರು. ತಾವು ಕಂಡದ್ದನ್ನು ಬರೆದಿಟ್ಟು ಪರಸ್ಪರ ಹಂಚಿಕೊಂಡದ್ದೇ ಅವರ ಬಂಡವಾಳ. ಅರ್ಧ ಗಂಟೆಯ ಮಾತುಕತೆಯಲ್ಲಿ ಈ ಇತಿಹಾಸವನ್ನು ಪೂರ್ತಿ ಹೇಳಲು ಸಮಯ ಸಾಲುವುದಿಲ್ಲ. ಇಲ್ಲಿ ಸಾವಧಾನವಾಗಿ ನೋಡೋಣ.

ಇಬ್ಬರು ವಿದ್ಯಾರ್ಥಿಗಳು

1798ನೆಯ ಇಸವಿ. ಜರ್ಮನಿಯ ಗ್ಯೋಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಬ್ರಾಂಡೆಸ್ ಮತ್ತು ಬೆಂಜೆನ್‌ಬರ್ಗ್ ಎಂಬ ಇಬ್ಬರು ವಿದ್ಯಾರ್ಥಿಗಳಿದ್ದರು. ಉಲ್ಕೆ ಎಂದರೆ ಮಿಂಚಿನ ಹಾಗೆ ಗಾಳಿಯಲ್ಲೇ ಹುಟ್ಟಿ ಗಾಳಿಯಲ್ಲೇ ಸಾಯುವ ಯಾವುದೋ ಉರಿ ಎಂಬುದು ಆಗಿನ ಬಹುಜನರ ನಂಬಿಕೆ. ಹವಾಮಾನ ಶಾಸ್ತ್ರಕ್ಕೆ ಇಂಗ್ಲಿಷಿನಲ್ಲಿ 'ಮೀಟಿಯರಾಲಜಿ' ಎಂಬ ಹೆಸರು ಇಂದಿಗೂ ಉಳಿದಿರುವುದು ಆ ಹಳೆಯ ಎಣಿಕೆಯ ಗುರುತು. ಕ್ಲಾಡ್ನಿ ಎಂಬ ಭೌತವಿಜ್ಞಾನಿ 1794ರಲ್ಲಿ, ಈ ಉರಿಗಳು ಭೂಮಿಯ ಹೊರಗಿನಿಂದ ಬರುತ್ತವೆ ಎಂದು ವಾದಿಸಿದಾಗ ಒಪ್ಪಿದವರು ಕಡಿಮೆ. ಎತ್ತರ ಗೊತ್ತಾದರೆ ಈ ವಾದಕ್ಕೆ ಒಂದು ತಳಹದಿ ಸಿಗುತ್ತದೆ ಎಂದು ಆ ಇಬ್ಬರು ಹುಡುಗರು ಯೋಚಿಸಿದರು.

ಅವರ ಉಪಾಯ ಸರಳವಾದದ್ದು. ನೀವೂ ಈಗಲೇ ಮಾಡಿ ನೋಡಬಹುದು. ಮುಖದ ಮುಂದೆ ಹೆಬ್ಬೆರಳು ಹಿಡಿದು ಮೊದಲು ಎಡಗಣ್ಣಿನಿಂದ, ಆಮೇಲೆ ಬಲಗಣ್ಣಿನಿಂದ ನೋಡಿ. ಎದುರು ಗೋಡೆಯ ಮೇಲೆ ಬೆರಳಿನ ಸ್ಥಾನ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಬೆರಳು ಹತ್ತಿರವಿದ್ದಷ್ಟೂ ಈ ಸರಿತ ಹೆಚ್ಚು. ಎರಡು ಕಣ್ಣುಗಳ ಬದಲು ಕೆಲವು ಕಿ.ಮೀ. ಅಂತರದ ಎರಡು ಊರುಗಳು, ಗೋಡೆಯ ಬದಲು ನಕ್ಷತ್ರಗಳ ಹಿನ್ನೆಲೆ ಎಂದುಕೊಳ್ಳಿ. ಇಬ್ಬರೂ ಒಂದೊಂದು ಕಡೆ ಕುಳಿತು, ಪ್ರತಿಯೊಂದು ಉಲ್ಕೆ ಕಂಡ ವೇಳೆಯನ್ನೂ ಅದು ಯಾವ ನಕ್ಷತ್ರದ ಬಳಿ ಹುಟ್ಟಿ ಯಾವುದರ ಬಳಿ ಅಳಿಯಿತು ಎಂಬುದನ್ನೂ ಬರೆದುಕೊಂಡರು. ಆಮೇಲೆ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದರು.

ಒಟ್ಟು ನಾನೂರಕ್ಕೂ ಮಿಕ್ಕಿ ಉಲ್ಕೆಗಳು ದಾಖಲಾಗಿದ್ದವು. ಆದರೆ ಇಬ್ಬರೂ ಒಟ್ಟಿಗೆ ಕಂಡವು ಎಂದು ಖಚಿತವಾಗಿ ಹೇಳಬಹುದಾದದ್ದು 22 ಮಾತ್ರ. ಉಳಿದ ಶ್ರಮವೆಲ್ಲ ವ್ಯರ್ಥವೇ ಎನಿಸಬಹುದು. ಆದರೆ ಆ 22ರ ಲೆಕ್ಕದಿಂದ ಸರಾಸರಿ ಎತ್ತರ 90 ಕಿ.ಮೀ. ಆಸುಪಾಸು ಎಂದು ತಿಳಿಯಿತು. ಯಾವ ಮೋಡವೂ ಏರದ ಎತ್ತರ ಅದು. ಈ ಲೆಕ್ಕದಲ್ಲಿ ಒಂದು ಮಾತನ್ನು ಗಮನಿಸಿ. ಒಬ್ಬನೇ ವಿದ್ಯಾರ್ಥಿ ನಾಲ್ಕು ಸಾವಿರ ಉಲ್ಕೆ ನೋಡಿದ್ದರೂ ಒಂದರ ಎತ್ತರವೂ ಅವನಿಗೆ ಸಿಗುತ್ತಿರಲಿಲ್ಲ. ಅದಕ್ಕೆ ಎರಡನೆಯವನ ಪುಸ್ತಕ ಬೇಕಾಗಿತ್ತು.

ಒಂದು ರಾತ್ರಿ, ಸಾವಿರ ಸಾಕ್ಷಿಗಳು

ಮೂವತ್ತೈದು ವರ್ಷಗಳ ನಂತರ, 1833ರ ನವೆಂಬರ್ 12ರ ರಾತ್ರಿ ಕಳೆದು 13ರ ಬೆಳಗಾಗುವ ಮೊದಲು, ಉತ್ತರ ಅಮೆರಿಕದ ಪೂರ್ವ ಭಾಗದ ಜನ ಬೆಚ್ಚಿ ಎದ್ದರು. ಆಕಾಶದ ತುಂಬ ಬೆಂಕಿಯ ಗೆರೆಗಳು. ಗಂಟೆಗೆ ಹತ್ತಾರು ಸಾವಿರ ಉಲ್ಕೆಗಳು ಬಿದ್ದಿರಬೇಕೆಂದು ಆಮೇಲಿನ ಅಂದಾಜು. ಪ್ರಳಯವೇ ಬಂತೆಂದು ಅನೇಕರು ಮಂಡಿಯೂರಿ ಪ್ರಾರ್ಥಿಸಿದರು. ಬಯಲು ಸೀಮೆಯ ಲಕೋಟ ಬುಡಕಟ್ಟಿನವರು ವರ್ಷಕ್ಕೊಂದು ಚಿತ್ರ ಬರೆದು ಕಾಲಗಣನೆ ಇಡುತ್ತಿದ್ದರು. ಅವರ ಲೆಕ್ಕದಲ್ಲಿ ಆ ವರ್ಷದ ಗುರುತು ಬೀಳುವ ನಕ್ಷತ್ರಗಳೇ.

ಯೇಲ್ ಕಾಲೇಜಿನ ಪ್ರಾಧ್ಯಾಪಕ ಡೆನಿಸನ್ ಓಮ್‌ಸ್ಟೆಡ್ ಅವರೂ ಎಬ್ಬಿಸಲ್ಪಟ್ಟವರಲ್ಲಿ ಒಬ್ಬರು. ಅವರು ಮಾಡಿದ ಕೆಲಸವೇ ಈ ಇತಿಹಾಸದ ತಿರುವು. ಬೆಳಗಾದ ಕೂಡಲೇ ತಮ್ಮ ಊರಿನ ಪತ್ರಿಕೆಗೆ ಒಂದು ಬರಹ ಕಳಿಸಿದರು. ತಾನು ಕಂಡದ್ದಿಷ್ಟು, ಬೇರೆ ಕಡೆ ನೋಡಿದವರು ತಾವು ಕಂಡದ್ದನ್ನು ದಯವಿಟ್ಟು ತಿಳಿಸಬೇಕು ಎಂಬುದು ಅದರ ಸಾರ. ಒಂದು ಪತ್ರಿಕೆಯದನ್ನು ಇನ್ನೊಂದು ಎತ್ತಿ ಅಚ್ಚು ಹಾಕುವುದು ಆಗಿನ ವಾಡಿಕೆಯಾದ್ದರಿಂದ, ಮನವಿ ಊರಿಂದೂರಿಗೆ ಹಬ್ಬಿತು. ಹಲವು ರಾಜ್ಯಗಳಿಂದ ಉತ್ತರಗಳು ಬಂದವು. ಬರೆದವರಲ್ಲಿ ಹೆಚ್ಚಿನವರು ಖಗೋಳ ವಿಜ್ಞಾನ ಕಲಿತವರಲ್ಲ. ಆದರೂ ಆ ಪತ್ರಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಎರಡು ಸಂಗತಿಗಳು ಎದ್ದು ಕಂಡವು.

ಮೊದಲನೆಯದು, ಗೆರೆಗಳೆಲ್ಲ ಆಕಾಶದ ಒಂದೇ ಬಿಂದುವಿನಿಂದ ಸುತ್ತಲೂ ಚಿಮ್ಮಿದಂತಿದ್ದವು. ಆ ಬಿಂದು ಇದ್ದದ್ದು ಸಿಂಹ ರಾಶಿಯಲ್ಲಿ. ಮಘಾ ನಕ್ಷತ್ರವನ್ನು ಹಿಡಿಯಾಗಿ ಉಳ್ಳ ಕುಡುಗೋಲಿನ ಆಕಾರವಿದೆಯಲ್ಲ, ಅದರ ಒಳಗೆ. ಇದಕ್ಕೆ ಇಂಗ್ಲಿಷಿನಲ್ಲಿ ರೇಡಿಯಂಟ್ ಎನ್ನುತ್ತಾರೆ; ನಾವು ಉಗಮಬಿಂದು ಎನ್ನೋಣ. ಉದ್ದನೆಯ ನೇರ ರಸ್ತೆಯ ನಡುವೆ ನಿಂತು ನೋಡಿ. ಎರಡೂ ಬದಿಯ ಸಾಲುಮರಗಳು ಸಮಾಂತರವಾಗಿದ್ದರೂ ದೂರದಲ್ಲಿ ಒಂದೆಡೆ ಕೂಡಿದಂತೆ ಕಾಣುತ್ತವೆ. ಉಲ್ಕೆಗಳೂ ಹಾಗೆಯೇ: ಒಂದಕ್ಕೊಂದು ಸಮಾಂತರವಾಗಿ, ಒಂದೇ ದಿಕ್ಕಿನಿಂದ ಗುಂಪಾಗಿ ಬರುತ್ತಿವೆ ಎಂಬುದಕ್ಕೆ ಆ ಬಿಂದುವೇ ಸಾಕ್ಷಿ.

ಎರಡನೆಯದು ಇನ್ನೂ ಮಹತ್ವದ್ದು. ರಾತ್ರಿ ಸರಿದಂತೆ ಸಿಂಹ ರಾಶಿ ಪೂರ್ವದಿಂದ ಮೇಲೇರಿತು. ಉಗಮಬಿಂದುವೂ ಅದರ ಜೊತೆಗೇ ಏರಿತು. ಉಲ್ಕೆ ಗಾಳಿಯಲ್ಲಿ ಹುಟ್ಟಿದ ವಸ್ತುವಾಗಿದ್ದರೆ, ಗಾಳಿ ಭೂಮಿಯೊಡನೆ ತಿರುಗುವುದರಿಂದ, ಆ ಬಿಂದು ನಮ್ಮ ತಲೆಯ ಮೇಲೆ ಒಂದೇ ಕಡೆ ನಿಲ್ಲಬೇಕಿತ್ತು. ನಕ್ಷತ್ರಗಳ ಜೊತೆ ನಡೆಯಿತೆಂದರೆ ಅದರ ಮೂಲ ಭೂಮಿಯ ಹೊರಗೆ. ಹಲವಾರು ಜನರ ಪತ್ರಗಳು ಒಂದೇ ಮಾತು ಹೇಳಿದ್ದರಿಂದ ಇದನ್ನು ಒಬ್ಬ ಪ್ರಾಧ್ಯಾಪಕನ ಭ್ರಮೆ ಎಂದು ತಳ್ಳಿಹಾಕುವುದು ಸಾಧ್ಯವಾಗಲಿಲ್ಲ.

ಹಳೆಯ ಕಡತಗಳು ನುಡಿದ ಭವಿಷ್ಯ

ಕಣ್ಣಿಗೆ ಬಿದ್ದದ್ದನ್ನು ಬರೆದಿಡುವ ಅಭ್ಯಾಸ ಹೊಸತೇನಲ್ಲ. ಜರ್ಮನಿಯ ಪ್ರವಾಸಿ ವಿಜ್ಞಾನಿ ಹಂಬೋಲ್ಟ್, 1799ರ ನವೆಂಬರ್ 12ರಂದು ದಕ್ಷಿಣ ಅಮೆರಿಕದ ಕುಮಾನ ಎಂಬಲ್ಲಿ ಇಂಥದೇ ದೃಶ್ಯ ಕಂಡು ಬರೆದಿದ್ದರು. 1799ರಿಂದ 1833ಕ್ಕೆ 34 ವರ್ಷ. ಇದು ಕಾಕತಾಳೀಯವೇ? ಯೇಲ್‌ನ ಗಣಿತಜ್ಞ ಹ್ಯೂಬರ್ಟ್ ನ್ಯೂಟನ್ 1860ರ ದಶಕದಲ್ಲಿ ಅರಬ್ಬರ, ಚೀನೀಯರ, ಯೂರೋಪಿನವರ ಹಳೆಯ ವೃತ್ತಾಂತಗಳನ್ನು ಜಾಲಾಡಿದರು. ಕ್ರಿ.ಶ. 902ರಿಂದ ಈಚೆಗೆ ಮತ್ತೆ ಮತ್ತೆ "ನಕ್ಷತ್ರಗಳು ಉದುರಿದವು" ಎಂಬ ಉಲ್ಲೇಖ ಸಿಕ್ಕಿತು. ಅವುಗಳ ನಡುವಿನ ಅಂತರ ಸುಮಾರು 33 ವರ್ಷ, ಇಲ್ಲವೇ ಅದರ ಮಡಿ. 1866ರ ನವೆಂಬರ್ ನಡುವಿನಲ್ಲಿ ಮತ್ತೆ ಬರುತ್ತದೆ ಎಂದು ನ್ಯೂಟನ್ ಹೇಳಿದರು. ಬಂತು. ಯೂರೋಪಿನ ಜನ ಆ ರಾತ್ರಿ ಗಂಟೆಗೆ ಸಾವಿರಾರು ಉಲ್ಕೆಗಳನ್ನು ಕಂಡರು. ಯಾವ ದೇಶದ್ದೋ ಯಾವ ಕಾಲದ್ದೋ ಲಿಪಿಕಾರರು ಬರೆದಿಟ್ಟ ಒಂದೊಂದು ಸಾಲು, ಒಂದು ಕಡೆ ಸೇರಿದಾಗ ಭವಿಷ್ಯ ನುಡಿಯಿತು ನೋಡಿ.

ಅದೇ ಕಾಲಕ್ಕೆ ಆಗಸ್ಟ್ ತಿಂಗಳ ಉಲ್ಕೆಗಳ ಕಥೆಯೂ ನಡೆದಿತ್ತು. ಆಗಸ್ಟ್ 10ರ ಸುಮಾರಿಗೆ ಪ್ರತಿ ವರ್ಷವೂ ಉಲ್ಕೆಗಳು ಹೆಚ್ಚುತ್ತವೆ ಎಂದು 1830ರ ದಶಕದಲ್ಲಿ ತೋರಿಸಿದವರಲ್ಲಿ ಬೆಲ್ಜಿಯಂನ ಕೆತಲೆ ಒಬ್ಬರು; ಅಮೆರಿಕದ ನ್ಯೂ ಹೇವನ್ ಊರಿನಲ್ಲಿ ಪುಸ್ತಕದಂಗಡಿ ನಡೆಸುತ್ತಿದ್ದ ಎಡ್ವರ್ಡ್ ಹೆರಿಕ್ ಇನ್ನೊಬ್ಬರು. ಯೂರೋಪಿನ ಕೆಲವೆಡೆ ಹಳ್ಳಿಯ ಜನ ಅದನ್ನು ಸಂತ ಲಾರೆನ್ಸನ ಕಣ್ಣೀರು ಎಂದು ಮೊದಲಿನಿಂದಲೂ ಕರೆಯುತ್ತಿದ್ದರು ಎಂಬುದು ಆಮೇಲೆ ತಿಳಿಯಿತು. ವಿದ್ವಾಂಸರಿಗಿಂತ ಮುಂಚೆ ರೈತರಿಗೆ ಗೊತ್ತಿದ್ದ ಸಂಗತಿ ಅದು!

ಕಾರಣವನ್ನು ಬಿಡಿಸಿದ್ದು ಇಟಲಿಯ ಸ್ಕಿಯಾಪರೆಲ್ಲಿ. 1866ರಲ್ಲಿ ಅವರು ಆಗಸ್ಟ್ ಉಲ್ಕೆಗಳ ಪಥವನ್ನು ಲೆಕ್ಕ ಹಾಕಿದಾಗ, ಅದು 1862ರಲ್ಲಿ ಕಂಡ ಸ್ವಿಫ್ಟ್-ಟಟಲ್ ಧೂಮಕೇತುವಿನ ಪಥಕ್ಕೆ ಸರಿಹೊಂದಿತು. ಮರುವರ್ಷವೇ ನವೆಂಬರ್ ಉಲ್ಕೆಗಳ ಪಥ ಟೆಂಪೆಲ್-ಟಟಲ್ ಧೂಮಕೇತುವಿಗೆ ಹೊಂದಿತು. ಧೂಮಕೇತು ಸೂರ್ಯನ ಬಳಿ ಬಂದಾಗಲೆಲ್ಲ ಅದರ ಹಿಮ ಆವಿಯಾಗಿ, ಅದರೊಳಗಿನ ಧೂಳು ಹೊರಬೀಳುತ್ತದೆ. ಆ ಧೂಳು ಧೂಮಕೇತುವಿನ ದಾರಿಯುದ್ದಕ್ಕೂ ಹರಡಿಕೊಳ್ಳುತ್ತದೆ. ಭೂಮಿ ತನ್ನ ಕಕ್ಷೆಯಲ್ಲಿ ಆ ದಾರಿಯನ್ನು ಹಾಯುವುದು ವರ್ಷದ ನಿಶ್ಚಿತ ದಿನದಲ್ಲಿ. ಆದ್ದರಿಂದ ಉಲ್ಕಾವರ್ಷಕ್ಕೆ ನಿಶ್ಚಿತ ತಾರೀಖು. ಅಂದಹಾಗೆ, ಈ ಎರಡು ಧೂಮಕೇತುಗಳನ್ನು ಮೊದಲು ಕಂಡವರ ವೃತ್ತಿ ತಿಳಿದರೆ ನಿಮಗೆ ಖುಷಿಯಾದೀತು. ಲೂಯಿಸ್ ಸ್ವಿಫ್ಟ್ ಕಬ್ಬಿಣದ ಸಾಮಾನಿನ ವ್ಯಾಪಾರಿ. ವಿಲ್‌ಹೆಲ್ಮ್ ಟೆಂಪೆಲ್ ಕಲ್ಲಚ್ಚಿನ ಕೆಲಸ ಕಲಿತವರು.

ಬಾರದೆ ಹೋದ ಮಳೆ

1866 ಆದ ಮೇಲೆ 1899. ಜನರಿಗೆ ಲೆಕ್ಕ ಸುಲಭವಾಗಿತ್ತು. ಪತ್ರಿಕೆಗಳು ತಿಂಗಳುಗಟ್ಟಲೆ ಮುಂಚೆಯೇ ಸುದ್ದಿ ಹಬ್ಬಿಸಿದವು. ಆದರೆ ಆ ನವೆಂಬರ್ ರಾತ್ರಿಗಳಲ್ಲಿ ಕಾದು ಕುಳಿತವರಿಗೆ ಕಂಡದ್ದು ಅಲ್ಲೊಂದು ಇಲ್ಲೊಂದು ಉಲ್ಕೆ. ಗುರು ಮತ್ತು ಶನಿ ಗ್ರಹಗಳು ತಮ್ಮ ಸೆಳೆತದಿಂದ ಧೂಳಿನ ಪ್ರವಾಹವನ್ನು ಭೂಮಿಯ ದಾರಿಯಿಂದ ಸರಿಸಿಬಿಟ್ಟಿದ್ದವು. ಸ್ಟೋನಿ ಮತ್ತು ಡೌನಿಂಗ್ ಎಂಬ ಇಬ್ಬರು ಇದನ್ನು ಲೆಕ್ಕ ಹಾಕಿ ಎಚ್ಚರಿಸಿದ್ದರೂ ಅದು ತಲುಪಬೇಕಾದಷ್ಟು ಜನರನ್ನು ತಲುಪಿರಲಿಲ್ಲ. ಸಾಮಾನ್ಯ ಜನರ ಕಣ್ಣಲ್ಲಿ ಖಗೋಳ ವಿಜ್ಞಾನದ ಮಾನ ಹೋಯಿತು. ಸುದ್ದಿ ಮುಟ್ಟಿಸುವ ನಮ್ಮಂಥವರು ಈ ಘಟನೆಯನ್ನು ಮರೆಯಬಾರದು. "ಆಕಾಶದಲ್ಲಿ ಬೆಂಕಿಮಳೆ" ಎಂದು ಕೂಗುವುದು ಸುಲಭ. "ಬರಬಹುದು, ಬಾರದಿರಲೂಬಹುದು, ಕಾರಣ ಇಂಥದ್ದು" ಎಂದು ಹೇಳುವುದಕ್ಕೆ ತಾಳ್ಮೆ ಬೇಕು.

ಅದೇ 1899ರಲ್ಲಿ ಇಂಗ್ಲೆಂಡಿನಲ್ಲಿ ಒಂದು ದೊಡ್ಡ ಪಟ್ಟಿ ಪ್ರಕಟವಾಯಿತು. ಸಿದ್ಧಪಡಿಸಿದವರು ಬ್ರಿಸ್ಟಲ್ ನಗರದ ಲೆಕ್ಕಿಗ ವಿಲಿಯಂ ಡೆನ್ನಿಂಗ್. ಹಗಲು ಲೆಕ್ಕಪತ್ರ, ರಾತ್ರಿ ಆಕಾಶ; ದಶಕಗಳ ಕಾಲ ಅವರು ಒಬ್ಬರೇ ಕುಳಿತು ಉಲ್ಕೆಗಳ ಪಥ ಗುರುತಿಸಿದರು. ಪಟ್ಟಿಯಲ್ಲಿ 4,367 ಉಗಮಬಿಂದುಗಳಿದ್ದವು. ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿ 1898ರಲ್ಲೇ ಅವರಿಗೆ ಚಿನ್ನದ ಪದಕ ಕೊಟ್ಟಿತ್ತು. ಅವರ ಕಣ್ಣಿನ ಬಗೆಗಾಗಲಿ ಶ್ರದ್ಧೆಯ ಬಗೆಗಾಗಲಿ ಯಾರಿಗೂ ಸಂಶಯವಿರಲಿಲ್ಲ. ಆದರೂ ಒಂದು ತೊಡಕಿತ್ತು. ಕೆಲವು ಉಗಮಬಿಂದುಗಳು ತಿಂಗಳಾನುಗಟ್ಟಲೆ ಒಂದೇ ಸ್ಥಾನದಲ್ಲಿ ನಿಂತಿರುತ್ತವೆ ಎಂದು ಅವರು ಸಾಧಿಸುತ್ತಿದ್ದರು. ಭೂಮಿ ದಿನದಿನಕ್ಕೆ ದಿಕ್ಕು ಬದಲಿಸುತ್ತ ಚಲಿಸುವಾಗ ಹೀಗಾಗುವುದು ಗಣಿತಕ್ಕೆ ಒಗ್ಗದ ಮಾತು.

ದೋಷ ಎಲ್ಲಿತ್ತು? ಎರಡು ಗೆರೆಗಳನ್ನು ಹಿಂದಕ್ಕೆ ಎಳೆದರೆ ಎಲ್ಲಾದರೂ ಒಂದು ಕಡೆ ಕೂಡಿಯೇ ಕೂಡುತ್ತವೆ. ಬೇರೆ ಬೇರೆ ರಾತ್ರಿಗಳ ಕೆಲವೇ ಉಲ್ಕೆಗಳನ್ನು ಸೇರಿಸಿ ನೋಡಿದರೆ, ಇಲ್ಲದ ಬಿಂದುವೂ ಇದ್ದಂತೆ ತೋರುತ್ತದೆ. ಇದನ್ನು ಎತ್ತಿ ತೋರಿಸಿದವರು ಅಮೆರಿಕದ ಚಾರ್ಲ್ಸ್ ಒಲಿವಿಯರ್. ಒಂದೇ ರಾತ್ರಿಯ ಉಲ್ಕೆಗಳಿಂದಲೇ ಉಗಮಬಿಂದು ಸಿದ್ಧವಾಗಬೇಕು ಎಂಬುದು ಅವರ ಕಟ್ಟುನಿಟ್ಟು. ಒಬ್ಬರಿಂದ ಒಂದೇ ರಾತ್ರಿಯಲ್ಲಿ ಅಷ್ಟು ಸಾಮಗ್ರಿ ಸಿಗುವುದು ಕಷ್ಟ. 1911ರಲ್ಲಿ ಒಲಿವಿಯರ್ 'ಅಮೆರಿಕನ್ ಮೀಟಿಯರ್ ಸೊಸೈಟಿ' ಸ್ಥಾಪಿಸಿ ಹವ್ಯಾಸಿಗಳನ್ನು ಒಂದುಗೂಡಿಸಿದರು. ಡೆನ್ನಿಂಗ್ ಅವರ ಕಥೆಯಿಂದ ಅವರ ದೊಡ್ಡತನ ಕುಂದುವುದಿಲ್ಲ. ಎಷ್ಟೇ ನುರಿತ ಕಣ್ಣಾದರೂ ಅದಕ್ಕೆ ಇನ್ನೊಂದು ಕಣ್ಣಿನ ತಾಳೆ ಬೇಕು ಎಂಬುದನ್ನು ಆ ಕಥೆ ಹೇಳುತ್ತದೆ.

ಕಣ್ಣಿನ ಜೊತೆಗೆ ಕಿವಿ

ಇಪ್ಪತ್ತನೆಯ ಶತಮಾನದಲ್ಲಿ ರೇಡಿಯೊ ಬಂದಾಗ ಹೊಸ ಬಾಗಿಲು ತೆರೆಯಿತು. ಇಲ್ಲಿ ನಮ್ಮ ದೇಶದವರ ಪಾಲೂ ಇದೆ. ಉಲ್ಕೆ ಉರಿದಾಗ ಅದರ ದಾರಿಯಲ್ಲಿ ಗಾಳಿಯ ಕಣಗಳು ಒಡೆದು ವಿದ್ಯುದಾವೇಶ ಪಡೆಯುತ್ತವೆ; ಅಂಥ ಗೆರೆ ರೇಡಿಯೊ ಅಲೆಗಳನ್ನು ಪ್ರತಿಫಲಿಸಬಲ್ಲದು. ಕಲ್ಕತ್ತೆಯಲ್ಲಿ ಎಸ್.ಕೆ. ಮಿತ್ರ ಮತ್ತು ಅವರ ಸಹೋದ್ಯೋಗಿಗಳು, ಉಲ್ಕಾವರ್ಷದ ಕಾಲದಲ್ಲಿ ಮೇಲಿನ ವಾಯುಮಂಡಲದಲ್ಲಾಗುವ ಬದಲಾವಣೆಯ ಬಗ್ಗೆ 1934ರಲ್ಲಿ ಬರೆದರು. ಆಲ್ ಇಂಡಿಯಾ ರೇಡಿಯೊದ ಚಮನ್‌ಲಾಲ್ ಮತ್ತು ವೆಂಕಟರಾಮನ್ ಅವರ ಕೆಲಸ ಇನ್ನೂ ಸ್ವಾರಸ್ಯದ್ದು. ಪ್ರಸಾರದ ಅಲೆಯನ್ನು ಆಲಿಸುವಾಗ ಆಗಾಗ್ಗೆ ಒಂದು ಸೀಟಿ ಕೇಳಿ, ಅದರ ಸ್ವರ ಇಳಿಯುತ್ತ ಹೋಗುತ್ತಿತ್ತು. ರೈಲಿನ ಸೀಟಿ ನಮ್ಮನ್ನು ದಾಟುವಾಗ ಸ್ವರ ಬದಲಿಸುವ ಡಾಪ್ಲರ್ ಪರಿಣಾಮ ಕಾಲೇಜಿನಲ್ಲಿ ನೀವು ಓದುತ್ತೀರಲ್ಲ, ಇದೂ ಅದೇ. ಓಡುವ ಉಲ್ಕೆಯಿಂದ ಮರಳಿದ ಅಲೆ ಮೂಲ ಅಲೆಯೊಡನೆ ಬೆರೆತು ಸೀಟಿಯಾಗುತ್ತಿತ್ತು. "ಸೀಟಿ ಹಾಕುವ ಉಲ್ಕೆ"ಗಳ ಈ ವರದಿ 1941ರಲ್ಲಿ ಪ್ರಕಟವಾದದ್ದು ಬೆಂಗಳೂರಿನ 'ಎಲೆಕ್ಟ್ರೊಟೆಕ್ನಿಕ್ಸ್' ಪತ್ರಿಕೆಯಲ್ಲಿ. ಬೇಡದ ಸದ್ದು ಎಂದು ಕಿವಿ ಮುಚ್ಚಿಕೊಳ್ಳದೆ, ಅದನ್ನು ಬರೆದಿಟ್ಟು ಪ್ರಕಟಿಸಿದ ಪ್ರಸಾರದವರು ಅವರು.

ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಬರ್ನಾರ್ಡ್ ಲವೆಲ್ ಸೈನ್ಯದ ರಾಡಾರ್ ಒಂದನ್ನು ಜೋಡ್ರೆಲ್ ಬ್ಯಾಂಕ್ ಎಂಬ ಹಳ್ಳಿಗಾಡಿಗೆ ತಂದಿಟ್ಟರು. ಅವರು ಹುಡುಕುತ್ತಿದ್ದುದು ವಿಶ್ವಕಿರಣಗಳನ್ನು. ಪರದೆಯ ಮೇಲೆ ಕಂಡದ್ದು ಇನ್ನೇನೋ ಮಿನುಗು. ಉಲ್ಕೆಗಳಿರಬಹುದು ಎಂಬ ಸಲಹೆ ಬಂತು. ಲವೆಲ್ ಅವರಿಗೆ ಉಲ್ಕೆಗಳ ಬಗ್ಗೆ ಏನೂ ತಿಳಿದಿರಲಿಲ್ಲ. ತಿಳಿದವರು ಮ್ಯಾನಿಂಗ್ ಪ್ರೆಂಟಿಸ್. ವೃತ್ತಿಯಿಂದ ವಕೀಲರು, ಬ್ರಿಟಿಷ್ ಹವ್ಯಾಸಿ ಸಂಘದ ಉಲ್ಕಾ ವಿಭಾಗದ ಮುಖ್ಯಸ್ಥರು. 1946ರ ಆಗಸ್ಟ್‌ನಲ್ಲಿ ಅವರು ಬಯಲಿನಲ್ಲಿ ಒರಗುಕುರ್ಚಿ ಹಾಕಿ ಕುಳಿತರು. ಉಲ್ಕೆ ಕಂಡೊಡನೆ ಅವರು ಕೂಗುವುದು. ಒಳಗಿದ್ದವರು ಪರದೆಯ ಮೇಲೆ ಪ್ರತಿಧ್ವನಿ ಬಂತೇ ಎಂದು ನೋಡುವುದು. ಹೀಗೆ ಒಬ್ಬ ಹವ್ಯಾಸಿಯ ಕಣ್ಣು ಒಂದು ಯಂತ್ರಕ್ಕೆ ಪಾಠ ಹೇಳಿತು. ಅದೇ ವರ್ಷ ಅಕ್ಟೋಬರ್ 9-10ರ ರಾತ್ರಿ ಭೂಮಿ ಜಿಯಾಕೊಬಿನಿ-ಜಿನ್ನರ್ ಧೂಮಕೇತುವಿನ ಧೂಳನ್ನು ಹಾಯ್ದಾಗ, ಪ್ರತಿಧ್ವನಿಗಳ ಸಂಖ್ಯೆ ಗಂಟೆಗೆ ಸುಮಾರು ಸಾವಿರಕ್ಕೆ ಏರಿತು. ಸಂಶಯಕ್ಕೆ ಎಡೆ ಉಳಿಯಲಿಲ್ಲ. ಮರುವರ್ಷ ಆ ತಂಡ, ಸೂರ್ಯನ ಬೆಳಕಿನಲ್ಲಿ ಯಾರ ಕಣ್ಣಿಗೂ ಬೀಳದ ಹಗಲಿನ ಉಲ್ಕಾವರ್ಷಗಳನ್ನು ರಾಡಾರಿನಿಂದ ಗುರುತಿಸಿತು.

ನೂರು ವರ್ಷ ಕಾದ ಧೂಳು

1899ರಲ್ಲಿ ಕೈಕೊಟ್ಟ ಸಿಂಹ ಉಲ್ಕಾವರ್ಷ 1966ರ ನವೆಂಬರ್ 17ರಂದು ತನ್ನ ಪೂರ್ಣರೂಪ ತೋರಿತು. ಅಮೆರಿಕದ ಪಶ್ಚಿಮ ಭಾಗದಲ್ಲಿ ಕಾದಿದ್ದ ಹವ್ಯಾಸಿಗಳ ತಂಡ, ತುತ್ತತುದಿಯ ಕೆಲವು ನಿಮಿಷ ಸೆಕೆಂಡಿಗೆ 40ರಷ್ಟು ಉಲ್ಕೆಗಳು ಎಂದು ಅಂದಾಜಿಸಿತು.

1988ರಲ್ಲಿ ಯೂರೋಪಿನ ಹವ್ಯಾಸಿಗಳು ಮುಂದಾಗಿ 'ಇಂಟರ್‌ನ್ಯಾಷನಲ್ ಮೀಟಿಯರ್ ಆರ್ಗನೈಸೇಷನ್' ಕಟ್ಟಿದರು. ಅದರಿಂದಾದ ದೊಡ್ಡ ಉಪಕಾರ, ಎಲ್ಲ ದೇಶದವರ ಎಣಿಕೆಗಳು ಒಂದೇ ಕ್ರಮದಲ್ಲಿ ಒಂದೆಡೆ ಬಂದು ಸೇರುವಂತಾದದ್ದು. ಒಬ್ಬರ ಆಕಾಶ ಕಡುಗಪ್ಪು, ಇನ್ನೊಬ್ಬರದು ಮಸುಕು. ಒಬ್ಬರಿಗೆ ಉಗಮಬಿಂದು ನೆತ್ತಿಯ ಮೇಲೆ, ಇನ್ನೊಬ್ಬರಿಗೆ ದಿಗಂತದ ಬಳಿ. ಎಲ್ಲರಿಗೂ ಕಡುಗಪ್ಪು ಆಕಾಶವಿದ್ದು ಬಿಂದು ನೆತ್ತಿಯ ಮೇಲಿದ್ದಿದ್ದರೆ ಗಂಟೆಗೆ ಎಷ್ಟು ಕಾಣುತ್ತಿತ್ತು ಎಂದು ಲೆಕ್ಕ ತಿದ್ದಿದಾಗ ಮಾತ್ರ ಹೋಲಿಕೆ ಸಾಧ್ಯ.

1998ರಲ್ಲಿ ಟೆಂಪೆಲ್-ಟಟಲ್ ಮತ್ತೆ ಸೂರ್ಯನ ಬಳಿ ಬಂತು. ಆ ವರ್ಷ ನವೆಂಬರ್ 16-17ರ ರಾತ್ರಿ, ನಿರೀಕ್ಷಿಸಿದ ವೇಳೆಗೆ ಅರ್ಧ ದಿನಕ್ಕೂ ಮುಂಚೆ, ಹೊಳೆಹೊಳೆಯುವ ದೊಡ್ಡ ಉಲ್ಕೆಗಳು ಬಂದುಬಿಟ್ಟವು. ಅದು 1333ರ ಸುಮಾರಿನಲ್ಲಿ ಹೊರಬಿದ್ದ ಹಳೆಯ ಧೂಳು ಎಂದು ಆಮೇಲಿನ ಲೆಕ್ಕ ತೋರಿಸಿತು. ಸರಿಯಾದ ರಾತ್ರಿಗೆ ಮಾತ್ರ ಕಾದವರು ಅದನ್ನು ಕಳೆದುಕೊಂಡರು. ಹಿಂದಿನ ರಾತ್ರಿಯೂ ಎಚ್ಚರವಿದ್ದವರಿಗೆ ಅದು ದಕ್ಕಿತು.

ಡೇವಿಡ್ ಆಶರ್ ಮತ್ತು ರಾಬರ್ಟ್ ಮೆಕ್‌ನಾಟ್ ಹೊಸ ರೀತಿಯಲ್ಲಿ ಯೋಚಿಸಿದರು. ಧೂಮಕೇತು ಒಂದೊಂದು ಬಾರಿ ಬಂದಾಗಲೂ ಪ್ರತ್ಯೇಕವಾದ ತೆಳುವಾದ ಧೂಳಿನ ಎಳೆ ಬಿಡುತ್ತದೆ. ಒಂದೊಂದು ಎಳೆಯನ್ನೂ ಬೇರೆ ಬೇರೆಯಾಗಿ ಲೆಕ್ಕಿಸಬೇಕು ಎಂಬುದು ಅವರ ದಾರಿ. 1999ರ ನವೆಂಬರ್ 18ರಂದು ಬಿರುಸು ಯಾವ ನಿಮಿಷದಲ್ಲಿ ಬರುತ್ತದೆ ಎಂಬುದನ್ನು ಅವರು ಮುಂಚಿತವಾಗಿಯೇ ಹೇಳಿದರು. ಜಗತ್ತಿನ ಹವ್ಯಾಸಿಗಳು ಎಣಿಸಿ ಕಳಿಸಿದ ಅಂಕೆಗಳನ್ನು ಕೂಡಿಸಿದಾಗ, ಗಂಟೆಗೆ ಸುಮಾರು 3,700ರ ಆ ತುದಿ ಅವರು ಹೇಳಿದ ವೇಳೆಗೆ ಹತ್ತು ನಿಮಿಷದೊಳಗೇ ಬಿದ್ದಿತ್ತು! ಭಾರತದಲ್ಲಿ ಆಗ ಬೆಳಗಿನ ಏಳೂವರೆ. ಸೂರ್ಯ ಮೂಡಿದ್ದರಿಂದ ನಮಗೆ ಅದು ಕಾಣಲಿಲ್ಲ. ಆ ಬಿರುಸಿಗೆ ಕಾರಣವಾದ ಎಳೆ ಯಾವುದು ಗೊತ್ತೇ? ಧೂಮಕೇತು 1899ರಲ್ಲಿ ಬಂದಾಗ ಬಿಟ್ಟು ಹೋದದ್ದು. ಜನರೆಲ್ಲ ನಿರಾಶರಾಗಿ ಮನೆಗೆ ಮರಳಿದರಲ್ಲ, ಆ ಸಲದ ಧೂಳೇ ನೂರು ವರ್ಷ ಕಳೆದು, ಹೇಳಿದ ವೇಳೆಗೆ ಬಂದು ವಿಜ್ಞಾನದ ಮಾನ ಉಳಿಸಿತು.

ಈಗ ನಿಮ್ಮ ಸರದಿ

ಇಂದು ಅನೇಕ ದೇಶಗಳಲ್ಲಿ ಹವ್ಯಾಸಿಗಳ ಮನೆಯ ಮಾಡಿನ ಮೇಲೆ ತಾವಾಗಿಯೇ ನಡೆಯುವ ವಿಡಿಯೊ ಕ್ಯಾಮೆರಾಗಳಿವೆ. ಬ್ರಾಂಡೆಸ್ ಮತ್ತು ಬೆಂಜೆನ್‌ಬರ್ಗ್ ಮಾಡಿದ ಕೆಲಸವನ್ನೇ ಅವು ಜೋಡಿ ಜೋಡಿಯಾಗಿ ಮಾಡುತ್ತವೆ. ಹಾಗಾದರೆ ಬರಿಗಣ್ಣಿನ ಎಣಿಕೆ ಮುಗಿಯಿತೇ? ಇಲ್ಲ. ಹಳೆಯ ದಾಖಲೆಗಳೆಲ್ಲ ಕಣ್ಣಿನವು. ಅವುಗಳ ಜೊತೆ ಹೋಲಿಸಲು ಇಂದಿನ ಕಣ್ಣಿನ ಲೆಕ್ಕವೂ ಬೇಕು.

ಕರ್ನಾಟಕದಲ್ಲಿ ಆಗಸ್ಟ್ ಉಲ್ಕೆಗಳನ್ನು ಮುಂಗಾರಿನ ಮೋಡ ನುಂಗುವುದೇ ಹೆಚ್ಚು. ನವೆಂಬರ್ 17-18ರ ಸಿಂಹ ಉಲ್ಕೆಗಳು ಸಾಮಾನ್ಯ ವರ್ಷಗಳಲ್ಲಿ ಗಂಟೆಗೆ ಹತ್ತು ಹದಿನೈದು ಮಾತ್ರ. ನಮಗೆ ಒದಗಿ ಬರುವುದು ಡಿಸೆಂಬರ್ 13-14ರ ಮಿಥುನ ಉಲ್ಕಾವರ್ಷ. ಧನುರ್ಮಾಸ ಕಾಲಿಡುವ ಮುನ್ನ ಬರುವ ಆ ರಾತ್ರಿಗಳಲ್ಲಿ ಮಳೆ ಮೋಡಗಳ ಕಾಟ ಕಡಿಮೆ. ಪುನರ್ವಸು ನಕ್ಷತ್ರದ ಬಳಿಯ ಉಗಮಬಿಂದು ನಡುರಾತ್ರಿ ಕಳೆದ ಮೇಲೆ ಬಹು ಎತ್ತರಕ್ಕೆ ಏರುತ್ತದೆ.

ಏನು ಬೇಕು? ಚಾಪೆ, ಕಂಬಳಿ, ಗಡಿಯಾರ, ಪೆನ್ಸಿಲು, ಪುಸ್ತಕ, ಕೆಂಪು ಕಾಗದ ಸುತ್ತಿದ ಟಾರ್ಚು. ಊರ ಬೆಳಕು ಬೀಳದ ಹೊಲವೋ ಕಣವೋ ಒಳ್ಳೆಯದು, ಹಿರಿಯರೊಬ್ಬರು ಜೊತೆಗಿರಲಿ. ಕಣ್ಣು ಕತ್ತಲಿಗೆ ಒಗ್ಗಲು ಅರ್ಧ ಗಂಟೆ ಬಿಡಿ. ಮಲಗಿ ನೋಡಿ. ಪ್ರತಿ ಉಲ್ಕೆಗೂ ವೇಳೆ, ಹೊಳಪು, ಅದು ಮಿಥುನದ ಕಡೆಯಿಂದ ಬಂತೇ ಇಲ್ಲವೇ, ಇಷ್ಟನ್ನು ಬರೆಯಿರಿ. ನಿಮಗೆ ಕಾಣುವ ಅತಿ ಮಂಕಾದ ನಕ್ಷತ್ರ ಯಾವುದು, ಮೋಡ ಎಷ್ಟು ಎಂಬುದನ್ನೂ ಬರೆಯಿರಿ.

ಮುಖ್ಯವಾದ ನಿಯಮ ಇದು. ಐವರು ಗೆಳೆಯರು ಕುಳಿತರೆ ಐದು ಲೆಕ್ಕಗಳಿರಬೇಕು, ಒಂದಲ್ಲ. ಪಕ್ಕದವನು "ಅಗೋ!" ಎಂದು ಕೂಗಿ ನೀವು ತಿರುಗುವಷ್ಟರಲ್ಲಿ ಅದು ಮಾಯವಾಗಿದ್ದರೆ ಅದು ಅವನ ಲೆಕ್ಕಕ್ಕೆ, ನಿಮ್ಮದಕ್ಕಲ್ಲ. ಒಂದು ಗಂಟೆಯಲ್ಲಿ ಏನೂ ಕಾಣದಿದ್ದರೆ ಸೊನ್ನೆ ಎಂದು ಬರೆಯಿರಿ. ಆ ಸೊನ್ನೆಗೂ ಬೆಲೆಯಿದೆ. ಬೆಳಗಾದ ಮೇಲೆ ಎಲ್ಲರ ಪುಸ್ತಕಗಳನ್ನು ಸೇರಿಸಿ. ಮಂಡ್ಯದಲ್ಲೊಂದು ತಂಡ, ಮೈಸೂರಿನಲ್ಲೊಂದು ತಂಡ ಕೂತರೆ ಇನ್ನೂ ಚೆನ್ನ. ನಡುವಿನ ನಲವತ್ತು ಕಿ.ಮೀ. ಅಂತರದಿಂದ, ನೆತ್ತಿಯ ಮೇಲಿನ ಉಲ್ಕೆ ನಕ್ಷತ್ರಗಳ ನಡುವೆ ಸುಮಾರು 20 ಡಿಗ್ರಿ ಸರಿದು ಕಾಣುತ್ತದೆ. ಕೈ ಚಾಚಿ ಹಿಡಿದ ಒಂದು ಗೇಣಿನಷ್ಟು. ಎತ್ತರವನ್ನು ನೀವೇ ಲೆಕ್ಕ ಹಾಕಬಹುದು. ತ್ರಿಕೋನಮಿತಿ ಯಾಕೆ ಕಲಿಯಬೇಕು ಎಂದು ಕೇಳುವ ಗೆಳೆಯರಿಗೆ ಇದನ್ನು ತೋರಿಸಿ.

ನಿಮ್ಮ ಒಂದು ರಾತ್ರಿಯ ಲೆಕ್ಕದಿಂದ ಏನಾದೀತು ಎನ್ನುವಿರಾ? ಮಿಥುನ ಉಲ್ಕಾವರ್ಷವನ್ನು ಮೊದಲು ಗಮನಿಸಿದ್ದು 1862ರ ಸುಮಾರಿಗೆ. ಆಗ ಕಂಡದ್ದು ಗಂಟೆಗೆ ಇಪ್ಪತ್ತರ ಆಸುಪಾಸು. ಇಂದು ಒಳ್ಳೆಯ ಆಕಾಶದಲ್ಲಿ ನೂರಕ್ಕೂ ಮಿಕ್ಕಿ. ಅದರ ಮೂಲ ಧೂಮಕೇತುವಲ್ಲ, ಫೇಥನ್ ಎಂಬ ಕ್ಷುದ್ರಗ್ರಹ ಎಂದು ತಿಳಿದದ್ದು 1983ರಲ್ಲಿ. ಅದರ ಧೂಳಿನ ಪ್ರವಾಹ ಭೂಮಿಯ ದಾರಿಗೆ ಹತ್ತಿರ ಸರಿಯುತ್ತ ಬಂದಿದೆ. ಈ ಏರಿಕೆ ನಮಗೆ ಗೊತ್ತಾದದ್ದು ಯಾವ ಯಂತ್ರದಿಂದಲೂ ಅಲ್ಲ. ನೂರೈವತ್ತಕ್ಕೂ ಹೆಚ್ಚು ವರ್ಷಗಳ ಡಿಸೆಂಬರ್ ಚಳಿಯಲ್ಲಿ ಯಾರೋ ಕುಳಿತು, ಕಂಡಷ್ಟನ್ನೇ ಎಣಿಸಿ, ಬರೆದಿಟ್ಟರು. ಅವರು ಎಣಿಸದೆ ಬಿಟ್ಟ ರಾತ್ರಿಗಳ ಲೆಕ್ಕವನ್ನು ಈಗ ಯಾರೂ ತುಂಬಿಕೊಡಲಾರರು.

ಟೆಂಪೆಲ್-ಟಟಲ್ 2031ರಲ್ಲಿ ಮತ್ತೆ ಸೂರ್ಯನ ಬಳಿ ಬರಲಿದೆ. ಅಷ್ಟರೊಳಗೆ ಹಲವು ಡಿಸೆಂಬರ್‌ಗಳಿವೆ. ಮುಂದಿನ 13ರ ರಾತ್ರಿ ಮೋಡವಿಲ್ಲದಿದ್ದರೆ ಪುಸ್ತಕದಲ್ಲಿ ತಾರೀಖು, ಊರಿನ ಹೆಸರು, ಆರಂಭಿಸಿದ ವೇಳೆ ಬರೆದು ಕುಳಿತುಕೊಳ್ಳಿ. ನಿಮಗೆ ಎಷ್ಟು ಕಂಡವು ಎಂದು ನಿಮ್ಮ ಶಾಲೆಯ ವಿಜ್ಞಾನ ಸಂಘಕ್ಕೆ ಹೇಳಿ, ಪಕ್ಕದ ಊರಿನ ಶಾಲೆಗೆ ಬರೆಯಿರಿ, ಅವರದನ್ನು ಕೇಳಿ ಪಡೆಯಿರಿ.